ದಿನವೂ ಕ್ಯಾಮೆರಾದಲ್ಲೇ ಇರುವ ಲೆನ್ಸ್: ಮೊದಲು ಬೆನ್ನ ಹಿಂದಿನ ಜಾಗ ಅಳೆಯಿರಿ

ಚಿತ್ರದುರ್ಗದ ಕೋಟೆಗೆ ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಒನಕೆ ಓಬವ್ವನ ಕಿಂಡಿ ಹತ್ತಿರ ನಿಂತು "ಮಾಮ, ಫೋಟೋದಲ್ಲಿ ನಾನೂ ಬರಬೇಕು, ಕಿಂಡಿನೂ ಬರಬೇಕು" ಎಂದಳು. ಕ್ಯಾಮೆರಾದಲ್ಲಿ ಇದ್ದದ್ದು 50 ಎಂಎಂ ಲೆನ್ಸ್. ಮುಖ ಬಂತು, ಕಿಂಡಿ ಬರಲಿಲ್ಲ. ಹಿಂದೆ ಸರಿಯೋಣ ಅಂದರೆ ಬೆನ್ನಿಗೆ ಬಂಡೆ. ಅಲ್ಲೇ ನಿಂತು ಲೆನ್ಸ್ ಬದಲಾಯಿಸಿದೆ. ಗಾಳಿ ಜೋರಾಗಿತ್ತು. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿದರೆ, ಆಮೇಲೆ ತೆಗೆದ ಎಲ್ಲ ಫೋಟೋಗಳ ಆಕಾಶದಲ್ಲೂ ಅದೇ ಜಾಗದಲ್ಲಿ ಎರಡು ಬೂದು ಚುಕ್ಕೆ. ಸೆನ್ಸರ್, ಅಂದರೆ ಲೆನ್ಸ್ ಹಿಂದೆ ಬೆಳಕು ಹಿಡಿದು ಫೋಟೋ ಮಾಡುವ ಚಿಪ್, ಅದರ ಮೇಲೆ ಧೂಳು ಕೂತಿತ್ತು.

ನಮ್ಮ ಕಡೆ ಗಾಳಿ ಎಷ್ಟಿದೆ ಅನ್ನೋದಕ್ಕೆ ದುರ್ಗದ ಸುತ್ತ ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳನ್ನು ನೋಡಿದರೆ ಸಾಕು. ಒಣ ನೆಲ, ಕೆಂಪು ಧೂಳು. ಇಂಥ ಊರಲ್ಲಿ ಲೆನ್ಸ್ ಬಿಚ್ಚದೆ ದಿನದ ಹತ್ತರಲ್ಲಿ ಒಂಬತ್ತು ಕೆಲಸ ಮುಗಿಸುವ ಒಂದು ಲೆನ್ಸ್ ಇದ್ದರೆ ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಅದನ್ನು ಆರಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಲೆನ್ಸ್ ಕೊಳ್ಳಲು ಹೋದವರು ಕೇಳುವ ಮೊದಲ ಪ್ರಶ್ನೆ "ಎಷ್ಟು ದೂರ ಎಳೆಯುತ್ತೆ?" ದಿನಬಳಕೆಯ ಲೆನ್ಸ್‌ಗೆ ಮೊದಲು ಕೇಳಬೇಕಾದ್ದು ಅದಲ್ಲ. ದೂರ ಇದ್ದರೆ ನಾಲ್ಕು ಹೆಜ್ಜೆ ಮುಂದೆ ಹೋಗಬಹುದು. ಗೋಡೆ ಒಡೆದು ಹಿಂದೆ ಹೋಗಲು ಆಗುವುದಿಲ್ಲ. ಹಾಗಾಗಿ ಲೆನ್ಸ್‌ನ ಮೇಲೆ ಬರೆದಿರುವ ಚಿಕ್ಕ ಸಂಖ್ಯೆಯನ್ನು ಮೊದಲು ನೋಡಿ. 18-55 ಎಂಎಂ ಅಂದರೆ 18. ಈ ಎಂಎಂ ಸಂಖ್ಯೆ ಚಿಕ್ಕದಾದಷ್ಟೂ ಫೋಟೋದೊಳಗೆ ಹೆಚ್ಚು ಅಗಲ ಬರುತ್ತದೆ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ.

ಬಾಡಿ ಯಾವುದು ಅಂತ ತಿಳಿದುಕೊಳ್ಳಿ

ಬಾಡಿ ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಈ ಹೆಜ್ಜೆ ಬೇಗ ಮುಗಿಯುತ್ತದೆ. ಆದರೆ ಇಲ್ಲಿ ತಪ್ಪಿದರೆ ದುಡ್ಡು ಹೋಗುತ್ತದೆ.

ಕ್ಯಾನನ್ 1500ಡಿ, 200ಡಿ, 90ಡಿ, ನಿಕಾನ್ ಡಿ3500, ಡಿ5600, ಡಿ7500 ಇವೆಲ್ಲ ಕ್ರಾಪ್ ಸೆನ್ಸರ್ ಕ್ಯಾಮೆರಾಗಳು, ಅಂದರೆ ಫುಲ್ ಫ್ರೇಮ್ ಅನ್ನುವ ದೊಡ್ಡ ಸೆನ್ಸರ್‌ಗಿಂತ ಚಿಕ್ಕ ಸೆನ್ಸರ್ ಇರುವವು. ಮನೆಗಳಲ್ಲಿ ಇರುವ ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾಗಳಲ್ಲಿ) ಹೆಚ್ಚಿನವು ಇಂಥವೇ. ಈ ಲೇಖನವೂ ಅವುಗಳ ಬಗ್ಗೆಯೇ.

ಕ್ಯಾನನ್ ಆದರೆ ಲೆನ್ಸ್ ಕೂರುವ ಬಳೆಯ ಮೇಲೆ ಗುರುತು ನೋಡಿ. ಕೆಂಪು ಚುಕ್ಕೆ ಇಎಫ್ ಲೆನ್ಸ್‌ಗೆ, ಬಿಳಿ ಚೌಕ ಇಎಫ್-ಎಸ್ ಲೆನ್ಸ್‌ಗೆ. ಕ್ರಾಪ್ ಬಾಡಿಗೆ ಎರಡೂ ಕೂರುತ್ತವೆ. ಇಎಫ್-ಎಸ್ ಲೆನ್ಸ್ ಫುಲ್ ಫ್ರೇಮ್ ಬಾಡಿಗೆ ಕೂರುವುದಿಲ್ಲ.

ನಿಕಾನ್‌ನವರು ಸ್ವಲ್ಪ ಜಾಸ್ತಿ ಎಚ್ಚರ ಇರಬೇಕು. ಡಿ3000 ಮತ್ತು ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಲೆನ್ಸ್‌ನಲ್ಲೇ ಮೋಟಾರ್ ಇರಬೇಕು, ಅಂದರೆ ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಇರಬೇಕು. ಹಳೆಯ 50 ಎಂಎಂ ಎಎಫ್-ಡಿ ಲೆನ್ಸ್ ಕಡಿಮೆಗೆ ಸಿಕ್ಕಿತು ಅಂತ ತಂದರೆ ಅದು ಈ ಬಾಡಿಗಳಲ್ಲಿ ತಾನಾಗಿ ಫೋಕಸ್ ಮಾಡುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಇದಕ್ಕೆ ತಿರುಗುಮುರುಗಾದ ತೊಂದರೆಯೂ ಇದೆ. ಹೊಸ ಎಎಫ್-ಪಿ ಲೆನ್ಸ್‌ಗಳು ಡಿ90, ಡಿ7000, ಡಿ3100, ಡಿ5100ರಂಥ ಹಳೆಯ ಬಾಡಿಗಳಲ್ಲಿ ಫೋಕಸ್ ಆಗುವುದಿಲ್ಲ.

ಟೇಪ್ ಹಿಡಿದು ಮನೆ ಅಳೆಯಿರಿ

ಇದೇ ನನ್ನ ಮುಖ್ಯ ಮಾತು. ಅಂಗಡಿಗೆ ಹೋಗುವ ಮುಂಚೆ ನಡುಮನೆಯ ಒಂದು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಎದುರಿನ ಗೋಡೆ ಎಷ್ಟು ಅಡಿ ದೂರ ಇದೆ, ಅಳೆದು ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಅದು 12 ಅಡಿ. ಈ ಗೋಡೆಗೆ ಬೆನ್ನು ಕೊಟ್ಟು ಕ್ಯಾಮೆರಾ ಹಿಡಿದ ನಾನು, ಎದುರಿನ ಗೋಡೆಗೆ ಹತ್ತಿದಂತೆ ಸೋಫಾ. ಉಳಿಯುವುದು 10 ಅಡಿ.

ಈಗ ಲೆಕ್ಕ. ಕ್ಯಾನನ್ ಕ್ರಾಪ್ ಸೆನ್ಸರ್‌ನ ಅಗಲ 22.3 ಎಂಎಂ, ನಿಕಾನ್‌ನದು 23.5 ಎಂಎಂ. ದೂರವನ್ನು ಸೆನ್ಸರ್ ಅಗಲದಿಂದ ಗುಣಿಸಿ, ಲೆನ್ಸ್‌ನ ಎಂಎಂನಿಂದ ಭಾಗಿಸಿ. ಆ ದೂರದಲ್ಲಿ ಫೋಟೋಗೆ ಎಷ್ಟು ಅಗಲ ಸಿಗುತ್ತದೆ ಅನ್ನುವುದು ಗೊತ್ತಾಗುತ್ತದೆ.

ಕ್ಯಾನನ್‌ನಲ್ಲಿ 10 ಅಡಿ ದೂರಕ್ಕೆ 18 ಎಂಎಂ ಹಾಕಿದರೆ 12 ಅಡಿಗಿಂತ ಸ್ವಲ್ಪ ಜಾಸ್ತಿ ಅಗಲ ಸಿಗುತ್ತದೆ. ಭುಜಕ್ಕೆ ಭುಜ ತಾಗಿಸಿ ನಿಂತರೆ ಏಳೆಂಟು ಜನ ಹಿಡಿಸುತ್ತಾರೆ. 24 ಎಂಎಂ ಹಾಕಿದರೆ 9 ಅಡಿ ಚಿಲ್ಲರೆ. 50 ಎಂಎಂ ಹಾಕಿದರೆ ಬರೀ ನಾಲ್ಕೂವರೆ ಅಡಿ, ಅಂದರೆ ಸೋಫಾದ ಮೇಲೆ ಕೂತ ಇಬ್ಬರು. ಒಬ್ಬರನ್ನೇ ನಿಲ್ಲಿಸಿ, ಕ್ಯಾಮೆರಾ ಉದ್ದುದ್ದ ಹಿಡಿದು ತಲೆಯಿಂದ ಕಾಲಿನವರೆಗೆ ತೆಗೆಯಬೇಕು ಅಂದುಕೊಳ್ಳಿ. 50 ಎಂಎಂಗೆ ಸುಮಾರು 15 ಅಡಿ ದೂರ ಬೇಕು. ನನ್ನ 10 ಅಡಿಯಲ್ಲಿ ಅದು ಆಗದ ಮಾತು. ಹಬ್ಬದ ದಿನ ಹೊಸ ಸೀರೆ ಉಟ್ಟು ನಿಂತ ಅಮ್ಮನ ಫೋಟೋದಲ್ಲಿ ಸೀರೆಯ ಅಂಚೇ ಬರದೆ ಹೋದರೆ ಏನು ಬಂತು?

50 ಎಂಎಂ ಲೆನ್ಸ್ ಬಗ್ಗೆ ನನಗೆ ಕೋಪ ಇಲ್ಲ. ಹಗುರ, ಕಡಿಮೆ ಬೆಲೆ, ಮುಖ ತೆಗೆದರೆ ಹಿಂದಿನದೆಲ್ಲ ಚೆಂದವಾಗಿ ಬ್ಲರ್ ಆಗುತ್ತದೆ. ಆದರೆ ಕ್ರಾಪ್ ಬಾಡಿಗೆ ಅದು ಎರಡನೇ ಲೆನ್ಸ್, ಮೊದಲನೆಯದಲ್ಲ.

ಇದೇ ಲೆಕ್ಕ ಇನ್ನೊಂದು ತಪ್ಪನ್ನೂ ತಡೆಯುತ್ತದೆ. ಸ್ಟುಡಿಯೋದವರ ಹತ್ತಿರ 24-70, 24-105 ಅಂತ ದಪ್ಪನೆಯ ಒಳ್ಳೆ ಲೆನ್ಸ್‌ಗಳು ಇರುತ್ತವೆ. ಅವರ ಫುಲ್ ಫ್ರೇಮ್ ಬಾಡಿಯಲ್ಲಿ 24 ಎಂಎಂ 10 ಅಡಿ ದೂರಕ್ಕೆ 15 ಅಡಿ ಅಗಲ ಹಿಡಿಯುತ್ತದೆ. ನಿಮ್ಮ ಕ್ರಾಪ್ ಬಾಡಿಯಲ್ಲಿ ಅದೇ ಲೆನ್ಸ್‌ಗೆ 9 ಅಡಿ ಚಿಲ್ಲರೆ. ಅವರ ಕೈಯಲ್ಲಿ ಚೆನ್ನಾಗಿದೆ ಅಂತ ಕೊಂಡರೆ ನಿಮ್ಮ ನಡುಮನೆಗೆ ಅದು ಸಾಲುವುದಿಲ್ಲ. ಕ್ರಾಪ್ ಬಾಡಿಗೆ ಚಿಕ್ಕ ಸಂಖ್ಯೆ 16, 17 ಅಥವಾ 18 ಇರಲೇಬೇಕು. 18 ಮತ್ತು 16ರ ನಡುವೆ ಎರಡೇ ಎಂಎಂ ಅನ್ನಿಸಬಹುದು. ನಿಕಾನ್‌ನಲ್ಲಿ 10 ಅಡಿ ದೂರಕ್ಕೆ ಅದು 13 ಅಡಿಗೂ 14 ಮುಕ್ಕಾಲು ಅಡಿಗೂ ಇರುವ ವ್ಯತ್ಯಾಸ. ತುದಿಯಲ್ಲಿ ನಿಂತ ಚಿಕ್ಕಪ್ಪ ಫೋಟೋದೊಳಗೆ ಬರುತ್ತಾರೋ ಇಲ್ಲವೋ ಅನ್ನುವಷ್ಟು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಅಗಲದ ತುದಿಯಲ್ಲಿ ಅಂಚಿಗೆ ನಿಂತವರ ಮುಖ ಎಳೆದಂತೆ ಕಾಣುತ್ತದೆ. ಗುಂಪು ಫೋಟೋ ತೆಗೆಯುವಾಗ ಎರಡೂ ಬದಿ ಒಂದೊಂದು ಅಡಿ ಖಾಲಿ ಬಿಡಿ.

ಹಳೆಯ ಫೋಟೋಗಳನ್ನು ತೆರೆದು ಎಣಿಸಿ

ನಿಮ್ಮ ಹತ್ತಿರ ಕಿಟ್ ಲೆನ್ಸ್, ಅಂದರೆ ಕ್ಯಾಮೆರಾ ಜೊತೆಗೇ ಬರುವ 18-55, ಈಗಾಗಲೇ ಇದ್ದರೆ ಅದೇ ನಿಮ್ಮ ಕಣ್ಣು ಯಾವ ಕಡೆ ವಾಲುತ್ತದೆ ಅಂತ ಹೇಳುತ್ತದೆ. ಪ್ರತಿ ಫೋಟೋದ ಫೈಲ್‌ನೊಳಗೆ ಎಷ್ಟು ಎಂಎಂನಲ್ಲಿ ತೆಗೆದದ್ದು ಅನ್ನುವುದು ದಾಖಲಾಗಿರುತ್ತದೆ. ಕಂಪ್ಯೂಟರ್‌ನಲ್ಲಿ ಫೋಟೋದ ಪ್ರಾಪರ್ಟೀಸ್ ತೆರೆದರೆ ಕಾಣುತ್ತದೆ. ನಿಮಗೆ ಇಷ್ಟವಾದ ನೂರು ಫೋಟೋ ತೆಗೆದುಕೊಳ್ಳಿ. ಒಂದು ಹಾಳೆಯಲ್ಲಿ 18ರಿಂದ 24, 25ರಿಂದ 40, 41ರಿಂದ 55 ಅಂತ ಮೂರು ಗೆರೆ ಹಾಕಿ, ಗೀಟು ಎಳೆಯುತ್ತಾ ಹೋಗಿ.

ನಾನು ಹೀಗೆ ಎಣಿಸಿದಾಗ ಅರ್ಧಕ್ಕಿಂತ ಹೆಚ್ಚು ಮೊದಲ ಗೆರೆಯಲ್ಲೇ ಬಿದ್ದವು. ನಾನು ಮುಖಗಳನ್ನು ತೆಗೆಯುವವನು ಅಂದುಕೊಂಡಿದ್ದೆ. ನಿಜವಾಗಿ ನಾನು ತೆಗೆಯುತ್ತಿದ್ದದ್ದು ಜನ ಇರುವ ಜಾಗಗಳನ್ನು. ನಿಮ್ಮ ಗೀಟುಗಳೆಲ್ಲ 55ರ ಕಡೆಯೇ ಬಿದ್ದರೆ, ಉದ್ದ ಝೂಮ್ ಕೊಳ್ಳಲು ನಿಮಗೆ ಗಟ್ಟಿ ಕಾರಣ ಇದೆ ಅಂತ ಅರ್ಥ.

ಸಂಜೆ ಬೆಳಕಲ್ಲಿ ಪರೀಕ್ಷೆ ಮಾಡಿ

ಅಗಲ ಆದ ಮೇಲೆ ಬೆಳಕು. ಲೆನ್ಸ್ ಮೇಲೆ ಎಫ್ 3.5-5.6, ಎಫ್ 2.8 ಅಂತ ಬರೆದಿರುತ್ತದಲ್ವಾ, ಅದು ಲೆನ್ಸ್‌ನ ಕಿಂಡಿ ಎಷ್ಟು ತೆರೆಯುತ್ತದೆ ಅನ್ನುವ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ 5.6ಕ್ಕಿಂತ ಎಫ್ 2.8ರಲ್ಲಿ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತದೆ. ಎಫ್ 1.8 ಆದರೆ ಹತ್ತಿರ ಹತ್ತಿರ ಹತ್ತು ಪಟ್ಟು.

ಇದು ಮನೆಯಲ್ಲಿ ಹೇಗೆ ಕಾಣುತ್ತದೆ ನೋಡಿ. ರಾತ್ರಿ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಕಿಟ್ ಲೆನ್ಸ್ 55ಕ್ಕೆ ಎಳೆದಿದ್ದೀರಿ, ಎಫ್ 5.6 ಇದೆ, ಐಎಸ್‌ಒ, ಅಂದರೆ ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸೆಟ್ಟಿಂಗ್, 3200 ಇಟ್ಟಿದ್ದೀರಿ. ಶಟರ್, ಅಂದರೆ ಸೆನ್ಸರ್ ಮೇಲೆ ಬೆಳಕು ಬೀಳುವ ಸಮಯ, ಸುಮಾರು 1/30 ಸೆಕೆಂಡ್ ಸಿಗಬಹುದು. ಅಜ್ಜಿ ಕದಲದೆ ಕೂತಿದ್ದರೆ ಫೋಟೋ ಚೆನ್ನಾಗಿಯೇ ಬರುತ್ತದೆ. ಎದುರಿಗೆ ಮಗು ಓಡಾಡುತ್ತಿದ್ದರೆ ಬರೀ ಬಣ್ಣದ ಗೀಚು. ಅದೇ ಜಾಗದಲ್ಲಿ ಎಫ್ 2.8 ಇದ್ದರೆ 1/125 ಸಿಗುತ್ತದೆ. ಮಗು ನಕ್ಕ ಕ್ಷಣ ಉಳಿಯುತ್ತದೆ.

"ಲೆನ್ಸ್‌ನಲ್ಲಿ ಐಎಸ್ ಇದೆಯಲ್ಲ, ವಿಆರ್ ಇದೆಯಲ್ಲ?" ಅಂತ ಕೇಳುತ್ತಾರೆ. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಎದುರಿಗಿರುವ ಮಗುವಿನ ಓಟವನ್ನಲ್ಲ. ಚಂದ್ರವಳ್ಳಿ ಗುಹೆಯೊಳಗೆ ಟಾರ್ಚ್ ಬೆಳಕಲ್ಲಿ ಗೋಡೆಯ ಫೋಟೋ ತೆಗೆಯುವಾಗ ಅದು ತುಂಬಾ ಸಹಾಯ ಮಾಡುತ್ತದೆ, ಏಕೆಂದರೆ ಗೋಡೆ ಕದಲುವುದಿಲ್ಲ. ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ಸೌದೆ ಒಲೆಯ ಮುಂದೆ ದೋಸೆ ಮಗುಚುವ ಕೈ ಹಿಡಿಯಬೇಕಾದರೆ 1/250 ಆದರೂ ಬೇಕು. ಅಲ್ಲಿ ಕೆಲಸಕ್ಕೆ ಬರುವುದು ದೊಡ್ಡ ಕಿಂಡಿ ಮಾತ್ರ.

ಹಾಗಾಗಿ ನಿಮ್ಮ ಫೋಟೋಗಳಲ್ಲಿ ಹೆಚ್ಚಿನವು ಹಗಲಿನವೋ ರಾತ್ರಿಯವೋ ಅಂತ ಯೋಚಿಸಿ. ಕೋಟೆ, ಜಾತ್ರೆ, ಹೊಲ ಅನ್ನುವವರಿಗೆ ಎಫ್ 5.6 ಸಾಕು. ನಮ್ಮ ಬಿಸಿಲಿಗೆ ಎಫ್ 8 ಇಟ್ಟರೂ ಬೆಳಕು ಮಿಗುತ್ತದೆ. ಮನೆ, ಮದುವೆ, ಹೋಟೆಲ್ ಅನ್ನುವವರು ಎಫ್ 2.8ಕ್ಕೆ ಜಾಸ್ತಿ ದುಡ್ಡು ಕೊಟ್ಟರೂ ಅದು ದಂಡ ಅಲ್ಲ.

ತಟ್ಟೆಯ ಮುಂದೆ ಕೂತು ನೋಡಿ

ಅಂಗಡಿಯಲ್ಲಿ ಯಾರೂ ಹೇಳದ ವಿಷಯ ಇದು. ಪ್ರತಿ ಲೆನ್ಸ್‌ಗೂ ಇದಕ್ಕಿಂತ ಹತ್ತಿರ ಬಂದರೆ ಫೋಕಸ್ ಆಗುವುದಿಲ್ಲ ಅನ್ನುವ ಒಂದು ಗಡಿ ಇದೆ. ಆ ದೂರವನ್ನು ಲೆನ್ಸ್‌ನ ಮೂತಿಯಿಂದ ಅಲ್ಲ, ಕ್ಯಾಮೆರಾದೊಳಗಿನ ಸೆನ್ಸರ್‌ನಿಂದ ಅಳೆಯುತ್ತಾರೆ. ಬಾಡಿಯ ಮೇಲೆ ವೃತ್ತದ ನಡುವೆ ಅಡ್ಡಗೆರೆ ಎಳೆದ ಚಿಕ್ಕ ಗುರುತು ಇರುತ್ತದೆ, ಸೆನ್ಸರ್ ಇರುವುದು ಅಲ್ಲಿ.

ಹೋಟೆಲ್ ಟೇಬಲ್ ಮುಂದೆ ಕೂತಾಗ ಕಣ್ಣಿಗೂ ದೋಸೆ ತಟ್ಟೆಗೂ ಹೆಚ್ಚೆಂದರೆ ಒಂದೂವರೆ ಅಡಿ, ಅಂದರೆ 45 ಸೆಂ.ಮೀ. ನಿಕಾನ್ 18-105 ಮತ್ತು 18-140 ಲೆನ್ಸ್‌ಗಳ ಗಡಿ ಸರಿಯಾಗಿ 45 ಸೆಂ.ಮೀ. ಕುರ್ಚಿಯಲ್ಲಿ ಹಿಂದಕ್ಕೆ ಒರಗಬೇಕಾಗುತ್ತದೆ. ದೋಸೆ ಮೇಲೆ ಕರಗುವ ಬೆಣ್ಣೆಗೆ ಇನ್ನೂ ಹತ್ತಿರ ಹೋದರೆ ಕ್ಯಾಮೆರಾ ಕ್ಲಿಕ್ ಆಗುವುದೇ ಇಲ್ಲ. ಕ್ಯಾನನ್ 50 ಎಂಎಂ ಎಸ್‌ಟಿಎಂಗೆ 35 ಸೆಂ.ಮೀ. ಸಾಮಾನ್ಯ 18-55 ಕಿಟ್ ಲೆನ್ಸ್‌ಗೆ 25 ಸೆಂ.ಮೀ. ಸಿಗ್ಮಾ 17-70 ಕಂಟೆಂಪರರಿಗೆ 22. ಕ್ಯಾನನ್‌ನ 24 ಎಂಎಂ ಚಪ್ಪಟೆ ಲೆನ್ಸ್‌ಗೆ 16. ಮಗುವಿನ ಬೆರಳು, ರಂಗೋಲಿಯ ಚುಕ್ಕಿ, ಮಲ್ಲಿಗೆ ಮೊಗ್ಗು ಇವೆಲ್ಲ ದಿನಬಳಕೆಯ ಫೋಟೋಗಳೇ ತಾನೆ? ಅದಕ್ಕೇ ಈ ಸಂಖ್ಯೆಯನ್ನು ನಾನು ದೂರದ ಝೂಮ್‌ಗಿಂತ ಮೇಲೆ ಇಡುತ್ತೇನೆ.

ದೂರ ಕೊನೆಗೆ

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ತೇರಿಗೆ 100 ಅಡಿ ದೂರದಲ್ಲಿ ಸಿಕ್ಕಿಕೊಂಡಿದ್ದೀರಿ ಅಂದುಕೊಳ್ಳಿ. 55 ಎಂಎಂನಲ್ಲಿ 40 ಅಡಿ ಅಗಲ ಬರುತ್ತದೆ. ತೇರು, ಜನ, ಬಾವುಟ ಎಲ್ಲ. 135ರಲ್ಲಿ ಹದಿನಾರೂವರೆ ಅಡಿ, ತೇರಿನ ಮೇಲಿನ ಹೂವಿನ ಅಲಂಕಾರ ಬಿಡಿಯಾಗಿ ಸಿಗುತ್ತದೆ. ಇಂಥ ಫೋಟೋ ವರ್ಷಕ್ಕೆ ಎರಡು ಬಾರಿ ಬೇಕೋ ವಾರಕ್ಕೆ ಎರಡು ಬಾರಿ ಬೇಕೋ, ನೀವೇ ಹೇಳಬೇಕು. ಕುಂದವಾಡ ಕೆರೆಯ ಹಕ್ಕಿಗಳಿಗೆ ಮಾತ್ರ ಯಾವ ದಿನಬಳಕೆಯ ಲೆನ್ಸೂ ಸಾಲುವುದಿಲ್ಲ. ಅದಕ್ಕೆ 300 ಎಂಎಂನಿಂದ ಮೇಲಿನದು ಬೇರೆಯಾಗಿಯೇ ಬೇಕು.

ಹಾಗಾದರೆ ಯಾವುದು?

ಹೊಸದಾಗಿ ಕಲಿಯುವವರು ಕಿಟ್ ಲೆನ್ಸನ್ನೇ ಇಟ್ಟುಕೊಳ್ಳಿ. ಅದರ ಬಗ್ಗೆ ಎಲ್ಲರೂ ಹಗುರವಾಗಿ ಮಾತಾಡುತ್ತಾರೆ. ಆದರೆ 18 ಎಂಎಂ ಅಗಲ, 25 ಸೆಂ.ಮೀ. ಹತ್ತಿರ, ಕಡಿಮೆ ತೂಕ, ಹೆಚ್ಚಿನವುಗಳಲ್ಲಿ ನಡುಕ ತಡೆ, ಎಲ್ಲ ಅದರಲ್ಲಿದೆ. ಅದಕ್ಕೆ ಇಲ್ಲದ್ದು ರಾತ್ರಿ ಬೆಳಕು ಮಾತ್ರ. ನಿಕಾನ್ ಇದ್ದರೆ ಜೊತೆಗೆ 35 ಎಂಎಂ ಎಫ್ 1.8, ಕ್ಯಾನನ್ ಇದ್ದರೆ 24 ಎಂಎಂ ಎಫ್ 2.8 ತಂದುಕೊಳ್ಳಿ. ಆ 24ರ ತೂಕ 125 ಗ್ರಾಂ ಅಷ್ಟೇ, ಜೇಬಿನಲ್ಲಿ ಇಟ್ಟರೆ ಗೊತ್ತೇ ಆಗುವುದಿಲ್ಲ.

ಊರೂರು ಸುತ್ತುವವರಿಗೆ, ಜಾತ್ರೆ ಬಿಡದವರಿಗೆ ಕ್ಯಾನನ್ 18-135 ಅಥವಾ ನಿಕಾನ್ 18-140. ತೂಕ ಅರ್ಧ ಕಿಲೋ ಆಸುಪಾಸು. ದಿನವಿಡೀ ಕುತ್ತಿಗೆಗೆ ಹಾಕಿಕೊಂಡು ಕೋಟೆ ಹತ್ತಬಹುದು.

ಮನೆಯೊಳಗೆ, ಸಮಾರಂಭಗಳಲ್ಲಿ ಜಾಸ್ತಿ ತೆಗೆಯುವವರಿಗೆ ಸಿಗ್ಮಾ 17-50 ಎಫ್ 2.8, ಅಥವಾ ಕ್ಯಾನನ್‌ನದೇ 17-55 ಎಫ್ 2.8. ಎರಡೂ ಭಾರ, ಮೂತಿಗೆ ಫಿಲ್ಟರ್ ಹಾಕುವುದಾದರೆ ಎರಡಕ್ಕೂ 77 ಎಂಎಂ ಅಳತೆಯದು ಬೇಕು. ಕ್ಯಾನನ್‌ನದು 645 ಗ್ರಾಂ. ಸೆಕೆಂಡ್ ಹ್ಯಾಂಡ್‌ನಲ್ಲಿ ನಾನು ಹುಡುಕುವುದು ಇವುಗಳನ್ನೇ.

ನಾನು ಕೊನೆಗೆ ಆರಿಸಿದ್ದು ಸಿಗ್ಮಾ 17-70 ಎಫ್ 2.8-4. ಅಗಲ 17, ಹತ್ತಿರ 22 ಸೆಂ.ಮೀ., ಬೆಳಕು ಕಿಟ್‌ಗಿಂತ ಚೆನ್ನ, ತೂಕ 465 ಗ್ರಾಂ. ಯಾವುದರಲ್ಲೂ ಎಲ್ಲಕ್ಕಿಂತ ಮೇಲಲ್ಲ. ಆದರೆ ನನ್ನ ಮನೆಗೂ ನನ್ನ ಕೋಟೆಗೂ ಹೊಂದುತ್ತದೆ.

18-300, 18-400 ಅಂತ ಬರುವ ಉದ್ದ ಝೂಮ್‌ಗಳನ್ನು ದಿನಬಳಕೆಗೆ ನಾನು ಹೇಳುವುದಿಲ್ಲ. ಟ್ಯಾಮ್ರಾನ್ 18-400ರ ತೂಕ 700 ಗ್ರಾಂ ದಾಟುತ್ತದೆ, ಉದ್ದ ತುದಿಯಲ್ಲಿ ಎಫ್ 6.3 ಅಷ್ಟೇ. ಭಾರ ಆದ ಕ್ಯಾಮೆರಾ ಬೀರುವಿನಲ್ಲೇ ಉಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಸ್ಟುಡಿಯೋದವರು ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೋಗುತ್ತಿರುವುದರಿಂದ ಡಿಎಸ್‌ಎಲ್‌ಆರ್ ಲೆನ್ಸ್‌ಗಳು ಒಳ್ಳೆ ಸ್ಥಿತಿಯಲ್ಲೇ ಸಿಗುತ್ತವೆ. ಹೋಗುವಾಗ ನಿಮ್ಮ ಬಾಡಿ, ಚಾರ್ಜ್ ಆದ ಬ್ಯಾಟರಿ, ಖಾಲಿ ಕಾರ್ಡ್, ಚಿಕ್ಕ ಟಾರ್ಚ್ ತೆಗೆದುಕೊಂಡು ಹೋಗಿ.

ಮೊದಲು ಎರಡೂ ಕ್ಯಾಪ್ ಬಿಚ್ಚಿ, ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ನಾಲ್ಕು ಕಣ ಧೂಳು ಕಂಡರೆ ಹೆದರಬೇಡಿ, ಫೋಟೋದಲ್ಲಿ ಅದು ಕಾಣುವುದಿಲ್ಲ. ಜೇಡರ ಬಲೆಯ ಎಳೆಯಂತೆ ಹಬ್ಬಿದ್ದರೆ ಅದು ಫಂಗಸ್, ಬೇಡ ಅಂತ ಎದ್ದು ಬನ್ನಿ. ನಮ್ಮ ಒಣ ಹವೆಯಲ್ಲಿ ಫಂಗಸ್ ಕಡಿಮೆ. ಆದರೆ ಲೆನ್ಸ್ ಮಲೆನಾಡಿನಲ್ಲೋ ಕರಾವಳಿಯಲ್ಲೋ ಕೆಲವು ಮಳೆಗಾಲ ಕಳೆದಿರಬಹುದು. ಎಲ್ಲಿತ್ತು, ಹೇಗೆ ಇಟ್ಟಿದ್ದರು ಅಂತ ಕೇಳಿ.

ಆಮೇಲೆ ಝೂಮ್ ಬಳೆ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಕರಕರ ಅನ್ನಬಾರದು, ಮಧ್ಯೆ ಬಿಗಿಯಬಾರದು. ಮೂತಿ ಕೆಳಗೆ ಮಾಡಿ ಹಿಡಿದಾಗ ತಾನಾಗಿ ಜಾರಿ ಉದ್ದವಾದರೆ ತುಂಬಾ ಬಳಸಿದ್ದಾರೆ ಅಂತ ಲೆಕ್ಕ. ಅದಕ್ಕೆ ಬೆಲೆ ಇಳಿಸಿ ಕೇಳಬಹುದು.

ಈಗ ಬಾಡಿಗೆ ಹಾಕಿ ಇಟ್ಟಿಗೆ ಗೋಡೆಯನ್ನೋ ಟೈಲ್ಸ್ ಗೋಡೆಯನ್ನೋ ನೇರ ಎದುರಿಗೆ ನಿಂತು ತೆಗೆಯಿರಿ. ಕಿಂಡಿ ಪೂರ್ತಿ ತೆರೆದು, ಝೂಮ್‌ನ ಎರಡೂ ತುದಿಯಲ್ಲಿ ಒಂದೊಂದು. ಪರದೆಯಲ್ಲಿ ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ. ಮೂಲೆಗಳು ಮಧ್ಯಕ್ಕಿಂತ ಸ್ವಲ್ಪ ಮೆತ್ತಗಿರುವುದು ಸಹಜ. ಒಂದು ಬದಿ ಮಾತ್ರ ಮಂಕಾಗಿದ್ದರೆ ಲೆನ್ಸ್ ಎಂದೋ ಬಿದ್ದಿದೆ ಅಂತ ಅನುಮಾನ ಪಡಿ. ಕೊನೆಗೆ ಒಬ್ಬರನ್ನು ನಿಮ್ಮ ಕಡೆ ನಡೆದು ಬರಲು ಹೇಳಿ, ಕಣ್ಣಿಗೆ ಫೋಕಸ್ ಇಟ್ಟು ಹತ್ತು ಫೋಟೋ ತೆಗೆಯಿರಿ. ಎಷ್ಟು ಸ್ಪಷ್ಟ ಬಂದವು ಅಂತ ಅಲ್ಲೇ ನಿಂತು ನೋಡಿ. ಕೊಡುವವರು ಅವಸರ ಮಾಡಿದರೆ ಇನ್ನೊಂದು ಲೆನ್ಸ್ ಹುಡುಕಿಕೊಳ್ಳಿ.

ತಂದ ಮೇಲೆ

ಹುಡ್, ಅಂದರೆ ಲೆನ್ಸ್‌ನ ಮೂತಿಗೆ ಹಾಕುವ ನೆರಳಿನ ಬಳೆ, ಇಲ್ಲದಿದ್ದರೆ ಮೊದಲು ಅದನ್ನು ಕೊಳ್ಳಿ. ದುರ್ಗದ ಬಂಡೆಗಳ ಮೇಲೆ ಮಧ್ಯಾಹ್ನದ ಬಿಸಿಲು ಪಕ್ಕದಿಂದ ಹೊಡೆದರೆ ಫೋಟೋ ಬೆಳ್ಳಗೆ ಮಾಸಿದಂತಾಗುತ್ತದೆ. ಅದನ್ನು ಹುಡ್ ತಡೆಯುತ್ತದೆ. ಬಂಡೆಗೆ ತಗುಲಿದರೆ ಮೊದಲ ಪೆಟ್ಟು ತಿನ್ನುವುದೂ ಅದೇ. ಧೂಳನ್ನು ಬಟ್ಟೆಯಿಂದ ಒರೆಸಬೇಡಿ, ಮೊದಲು ರಬ್ಬರ್ ಬ್ಲೋವರ್‌ನಿಂದ ಊದಿ. ನಮ್ಮ ಧೂಳಿನಲ್ಲಿ ಮರಳಿನ ಚೂರು ಇರುತ್ತದೆ, ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆ.

ಬದಲಾಯಿಸಲೇಬೇಕಾದರೆ ಕ್ಯಾಮೆರಾ ಆಫ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು ನಿಂತು, ಬಾಡಿಯ ಬಾಯಿ ನೆಲದ ಕಡೆ ಇರುವಂತೆ ಹಿಡಿದು ಬದಲಾಯಿಸಿ. ಧೂಳು ಕೂತಿದೆಯೋ ನೋಡಲು ಎಫ್ 16 ಇಟ್ಟು ಮೋಡ ಇಲ್ಲದ ಆಕಾಶದ ಒಂದು ಫೋಟೋ ತೆಗೆಯಿರಿ, ಚುಕ್ಕೆ ಇದ್ದರೆ ಎದ್ದು ಕಾಣುತ್ತದೆ. ಆಮೇಲೆ ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಆರಿಸಿ, ಕನ್ನಡಿ ಮೇಲೆ ಏಳುವಂತೆ ಮಾಡಿ, ಕ್ಯಾಮೆರಾ ಕೆಳಮುಖ ಹಿಡಿದು ಬ್ಲೋವರ್‌ನಿಂದ ನಾಲ್ಕು ಸಲ ಊದಿ. ಬ್ಯಾಟರಿ ತುಂಬಿರಲಿ, ಮಧ್ಯದಲ್ಲಿ ಕನ್ನಡಿ ಕೆಳಗೆ ಬೀಳಬಾರದು. ಬಾಯಿಂದ ಮಾತ್ರ ಊದಬೇಡಿ, ಎಂಜಲು ಹಾರಿದರೆ ಅದು ಧೂಳಿಗಿಂತ ಕೆಟ್ಟದ್ದು. ಓಬವ್ವನ ಕಿಂಡಿ ಹತ್ತಿರ ಸೇರಿಕೊಂಡ ಆ ಎರಡು ಚುಕ್ಕೆಗಳಲ್ಲಿ ಒಂದು ಹೀಗೆ ಹೋಯಿತು. ಇನ್ನೊಂದನ್ನು ತೆಗೆಸಲು ಕ್ಯಾಮೆರಾವನ್ನು ಸರ್ವಿಸ್‌ಗೆ ಕೊಡಬೇಕಾಯಿತು.